ಯಾರು ನೀನು, ಹೇಳು

ಇನಾರಿಯ ಲೈಬ್ರರಿಯವರು ಬೇಡವೆಂದು ಬಿಟ್ಟ ಲ್ಯಾಪ್‌ಟಾಪು.
ಮುಚ್ಚಳದ ಬಿಜಾಗರಿ ಸಡಿಲ,
ಹಿಂದೊಂದು ಬರ್ಚ್ ಕಟ್ಟಿಗೆ ಆನಿಸಿದರೆ ನಿಲ್ಲುತ್ತದೆ.
ಅದಕ್ಕೆ ಲಿನಕ್ಸ್ ಹಾಕಿಕೊಟ್ಟು ತಂಗಿಯ ಮಗ ಐಮೊ ಅಂದ:
'ದೊಡ್ಡಮ್ಮಾ, ಇನ್ನು ಇದು ಸಾಯಬೇಕೆಂದರೂ ಸಾಯುವುದಿಲ್ಲ.'

ಮೊದಲ ಖುಷಿ ಕೀಲಿಮಣೆಯದು.
ನಮ್ಮ ಸ್ಕೋಲ್ಟ್ ಭಾಷೆಯಲ್ಲಿ ಟೊಪ್ಪಿಗೆ ಹಾಕಿದ ಅಕ್ಷರಗಳಿವೆ.
ಇಷ್ಟು ವರ್ಷ ಅಚ್ಚಾದ ಹಾಳೆಯ ಮೇಲೆ
ಪೆನ್ನಿನಿಂದ ಒಂದೊಂದಕ್ಕೂ ಟೊಪ್ಪಿಗೆ ತೊಡಿಸುತ್ತಿದ್ದೆ,
ಶಾಲೆಗೆ ಹೊರಟ ಮಕ್ಕಳಿಗೆ ತೊಡಿಸಿದ ಹಾಗೆ.
ಈಗ ಅವು ತಾವೇ ತೊಟ್ಟುಕೊಂಡು ಬರುತ್ತವೆ.

ನನ್ನ ಹತ್ತಿರ ಇರುವುದೊಂದು ಪಟ್ಟಿ.
ಸೆವೆಟ್ಟಿಯಾರ್ವಿಯ ಸುತ್ತಲ ಕೆರೆಗಳು, ಕೊಲ್ಲಿಗಳು,
ಬಲೆ ಹರಿಯುವ ಬಂಡೆಗಳು, ಮಂಜುಗಡ್ಡೆ ನಂಬಬಾರದ ಜಾಗಗಳು.
ಒಟ್ಟು ನಾನೂರ ಹನ್ನೆರಡು ಹೆಸರು.
ಫೈಲುಗಳು ಮಾತ್ರ ಹದಿನೇಳು:
ಕೊನೆಯದು, ಕೊನೆಯದು ಎರಡು,
ನಿಜವಾಗಿ ಕೊನೆಯದು,
ಡೊಮ್ನಾ ಇದನ್ನು ಅಳಿಸಬೇಡ.

ಕಪ್ಪು ಕಿಟಕಿ ತೆರೆದು ಐಮೊ ಹೇಳಿದಂತೆ ಒತ್ತಿದೆ: ಗಿಟ್, ಇನಿಟ್.
ಖಾಲಿ ಉಗ್ರಾಣ ಸಿದ್ಧ ಎಂದಿತು.
ಖಾಲಿಯೇ! ಅಷ್ಟೂ ಹೆಸರು ಕಣ್ಣೆದುರು ಬಿದ್ದಿದ್ದರೂ!
'ನೀನು ತೋರಿಸದೆ ಅದು ನೋಡುವುದಿಲ್ಲ' ಅಂದ,
ಸ್ನೋಮೊಬೈಲಿಗೆ ಪೆಟ್ರೋಲು ಹಾಕಲು ಹೊರಗೆ ಹೋದ.

ತೋರಿಸಿದೆ. ಒಪ್ಪಿತು.
ಈಗ ಕಮಿಟ್ ಎಂದೆ. ಅಡ್ಡ ನಿಂತಿತು.
ಯಾರು ನೀನು,
ದಯವಿಟ್ಟು ಹೇಳು.

ಚರ್ಚಿನ ಪುಸ್ತಕದಲ್ಲಿ ನಾನು ಡೊಮ್ನಾ.
ಶಾಲೆಯ ಹಾಜರಿಯಲ್ಲಿ ಹೆಲ್ವಿ;
ನಾಲಿಗೆಗೆ ತೊಡಕೆಂದು ಟೀಚರು ಮೊದಲ ದಿನವೇ ಬದಲಿಸಿದರು,
ಕರೆದರೆ ಹ್ಞಾಂ ಅನ್ನಲು ನನಗೆ ಒಂದು ಚಳಿಗಾಲ ಹಿಡಿಯಿತು.
ಪಿಂಚಣಿ ಈಗಲೂ ಆ ಹೆಲ್ವಿಗೇ ಬರುತ್ತದೆ.
ಅಮ್ಮ ದಡದಲ್ಲಿ ನಿಂತು ಕೂಗುತ್ತಿದ್ದುದೇ ಬೇರೆ:
ಮೊದಲು ಅಜ್ಜ, ಆಮೇಲೆ ಅಪ್ಪ, ಕೊನೆಗೆ ನಾನು,
ಓಂದ್ರೇಯ್ ಪ್ಯೋಟರನ ಡೊಮ್ನಾ!
ಒಂದೇ ಹಗ್ಗಕ್ಕೆ ಕಟ್ಟಿದ ಮೂರು ದೋಣಿ.

ಖಾಲಿ ಬಿಟ್ಟು ನೋಡಿದೆ.
ಖಾಲಿ ಹೆಸರು ನಡೆಯುವುದಿಲ್ಲವಂತೆ.
ಸರ್ಕಾರದ ಯಾವ ಅರ್ಜಿಯೂ ಹೀಗೆ ಪಟ್ಟು ಹಿಡಿದು ಕೇಳಿರಲಿಲ್ಲ;
ಅವು ತಾವೇ ತುಂಬಿಕೊಂಡು ಬಂದು
ಸಹಿಯ ಜಾಗ ತೋರಿಸುತ್ತಿದ್ದವು.

ಮೂರೂ ದೋಣಿ ಒತ್ತಿದೆ. ಒಂದೊಂದೇ ಬೆರಳು.
ಏನು ಮಾಡಿದೆ, ಒಂದು ಸಾಲಿನಲ್ಲಿ ಬರೆ ಎಂದಿತು.
'ಬಲೆ ಇಳಿಸಿದೆ' ಎಂದು ಬರೆದೆ.

ಐಮೊ ಬಂದು ಲಾಗ್ ತೆಗೆದು ತೋರಿಸಿದ.
ತಾರೀಖು, ಗಂಟೆ, ನಿಮಿಷ,
ದೋಣಿಯ ನಂಬರಿನಂಥದ್ದೊಂದು ಉದ್ದದ ಸಂಖ್ಯೆ,
ಅದರ ಪಕ್ಕದಲ್ಲಿ ನನ್ನ ಹೆಸರು,
ಅಜ್ಜನದರಲ್ಲಿ ಒಂದು ಅಕ್ಷರ ಕಮ್ಮಿ.

'ಹೊಸದಾಗಿ ಬರೆದುಬಿಡಬಹುದು ದೊಡ್ಡಮ್ಮಾ,
ಇಲ್ಲಿ ಹೀಗಿತ್ತು ಅಂತ ಯಾರಿಗೂ ಗೊತ್ತಾಗಲ್ಲ.'

ಕಾಫಿ ಬಗ್ಗಿಸಿದೆ. ಅವನಿಗೊಂದು, ನನಗೊಂದು.
ಯಾರಿಗೂ ಗೊತ್ತಾಗಲ್ಲ ಎಂಬ ಮಾತು
ನಮ್ಮ ಕಡೆ ಬಹಳ ಓಡಾಡಿದೆ.
ಬೇಡ, ಇರಲಿ.
ಹೊಸಬಳು ಹಾಕಿದ ಗಂಟು ಹೊಸಬಳ ಗಂಟಿನ ಹಾಗೆಯೇ ಕಾಣಲಿ.
ಮುಂದಿನದು ಬಿಗಿಯಾಗಿ ಹಾಕಿದರಾಯಿತು.

ಬಲೆ ಎತ್ತಲು ಹೋದೆವು. ಎರಡು ಬಿಳಿಮೀನು, ಸಿಟ್ಟಿನ ಒಂದು ಪೈಕ್.
ಮಂಜುಗಡ್ಡೆಯ ಕಿಂಡಿಯೆದುರು ಮಂಡಿಯೂರಿದಾಗ
ಪಟ್ಟಿಗೆ ಸೇರದೆ ಉಳಿದದ್ದೊಂದು ತಟ್ಟನೆ ನೆನಪಾಯಿತು.
ಕೆಟಲು ಮುಳುಗಿದ ಕೊಲ್ಲಿ.
ಆ ಕೆಟಲು ಅತ್ತೆಯದು. ವರ್ಷವಿಡೀ ಮಾತು ಬಿಟ್ಟಿದ್ದಳು.

ಮನೆಗೆ ಬಂದರೆ ಪರದೆ ಮಲಗಿತ್ತು.
ಮೀನಿನ ಕೈ ಒರೆಸಿಕೊಂಡು ಮುಟ್ಟಿದೆ, ಎದ್ದಿತು.
ಎರಡನೆಯ ಸಾಲು ಬರೆದೆ:
'ಕೆಟಲಿನ ಕೊಲ್ಲಿ ಸೇರಿಸಿದೆ. ಅಜ್ಜನ ಅಕ್ಷರ ತಿದ್ದಿಕೊಂಡೆ.
ಆ ತಪ್ಪು ನನ್ನದು, ಟೀಚರದ್ದಲ್ಲ.'