ಗೆರೆ ಎಳೆಯುವವಳು

ಆಗಸ್ಟಿನಲ್ಲಿ ವಾಪಸು ಬಂದ, ಒಂಬತ್ತು ವರ್ಷದ ಮೇಲೆ.
ಅದೇ ಹಸಿರು ಟೋಪಿ. ಅಲ್ಲ, ಅಂಥದೇ ಇನ್ನೊಂದು.
ಎಡ ಮಂಡಿ ಈಗ ಲೋಹದ್ದಂತೆ.
ನಾನು ಇಪ್ಪತ್ತನೇ ಗಜದ ಹತ್ತಿರ ಬಗ್ಗಿದ್ದೆ,
ಬಣ್ಣದ ಗಾಡಿಯ ಮೂತಿ ಕಟ್ಟಿಕೊಂಡಿತ್ತು.
"ಮಾರ್ಲಿಸ್," ಅಂದ.
ಹೇರ್‌ಪಿನ್ನಿನಿಂದ ಮೂತಿ ಕೆದಕುತ್ತಲೇ ಇದ್ದೆ.

ಹೋಗುವಾಗ ಯಾರ ಹೆಸರನ್ನೂ ಕರೆದಿರಲಿಲ್ಲ.
ದೊಡ್ಡ ಯೂನಿವರ್ಸಿಟಿ, ಎಂಬತ್ತು ಸಾವಿರ ಕುರ್ಚಿ,
ಡಿಸೆಂಬರಿನ ಒಂದು ರಾತ್ರಿ ಟ್ರಕ್ಕು ತುಂಬಿಸಿ ಹೊರಟುಬಿಟ್ಟ.
ನನ್ನ ಮಗ ಡೆರಿಲ್‌ಗೆ ಅದು ಮೂರನೇ ವರ್ಷ, ಎಡಗಡೆಯ ಗಾರ್ಡ್.
ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ, ರೇಡಿಯೋದಲ್ಲಿ ಕೇಳಿದನಂತೆ.
ಮನೆಗೆ ಬಂದವನೇ ಹೆಲ್ಮೆಟ್ಟನ್ನು ಫ್ರಿಜ್ಜಿನ ಮೇಲಿಟ್ಟ,
ಮತ್ತೆ ಮುಟ್ಟಲಿಲ್ಲ.
ಅದರಲ್ಲೀಗ ಈರುಳ್ಳಿ ಇಡುತ್ತೇನೆ.

ಊರಿಗೇನು, ಊರು ಮರೆಯಿತು.
ಪೆಟ್ರೋಲ್ ಬಂಕು, ಲುಥೆರನ್ ಚರ್ಚು, ಹಲ್ಲಿನ ಡಾಕ್ಟರು,
ಎಲ್ಲರ ಬೋರ್ಡಿನಲ್ಲೂ ಒಂದೇ ಮಾತು: ಸ್ವಾಗತ, ಕೋಚ್ ಟ್ವೈಟ್.
ಮೊದಲ ನಾಲ್ಕು ಆಟ ಸೋತರು.
ವಿಸ್ಕಾನ್ಸಿನ್ನಿನಲ್ಲಂತೂ ನಲವತ್ತೊಂದಕ್ಕೆ ಮೂರು.
ಸೋಮವಾರ ಹಲ್ಲಿನ ಡಾಕ್ಟರ ಬೋರ್ಡು
ಹುಳುಕಿನ ವಿಷಯಕ್ಕೆ ಮರಳಿತು.

ಹಿಂದೆ ಅವನು ಕೂಗಿದರೆ ಕಾಳಿನ ಗೋಪುರದ ಪಾರಿವಾಳ ಏಳುತ್ತಿದ್ದವು.
ಈಗ ಗೆರೆಯ ಆಚೆ ನಿಂತು ಸೀಟಿ ಅಗಿಯುತ್ತಾನೆ.
ಹುಡುಗರಿಗೆ ಅದೇ ಹೆಚ್ಚು ಭಯ.
ಅವರ ಪಾಲಿಗೆ ಅವನು ಕಾರಿಡಾರಿನ ಒಂದು ಫೋಟೋ,
ಅವನು ಟ್ರೋಫಿ ಎತ್ತಿದ ವರ್ಷ ಇವರ ಹಾಲುಹಲ್ಲು ಬೀಳುತ್ತಿತ್ತು.
ಟೋಬಿನ್ ರಾಸ್ಕ್ ಎಸೆದ ಚೆಂಡು ಎದುರಾಳಿಯ ಕೈಗೇ ಹೋಯಿತು.
ಪಾಪ, ಬೈಗುಳಕ್ಕೆಂದು ತಲೆ ತಗ್ಗಿಸಿಕೊಂಡು ಬಂದರೆ
"ನೀರು ಕುಡಿ," ಅಂದನಂತೆ.
ಆ ರಾತ್ರಿ ಟೋಬಿನ್ ನಿದ್ದೆ ಮಾಡಲಿಲ್ಲ.

ಅಕ್ಟೋಬರ್. ಬೀಟ್ ಲಾರಿಗಳು ಹಗಲೂ ರಾತ್ರಿ,
ತಿರುವಿನಲ್ಲಿ ಉದುರಿದ ಗಡ್ಡೆ, ಊರಿಗೆಲ್ಲ ಮಣ್ಣಿನ ಸಿಹಿ ನಾತ.
ಅಂಥ ಒಂದು ಲಾರಿ ಲಿಬಾನ್‌ನ ಅಪ್ಪನದು,
ಸೊಮಾಲಿಯಾದಿಂದ ಬಂದವರು, ಹುಡುಗ ದುಂಡು ಚೆಂಡು ಒದ್ದು ಬೆಳೆದವನು.
ಐದನೇ ಶನಿವಾರ, ಇನ್ನೆರಡು ಸೆಕೆಂಡು ಇರುವಾಗ,
ಮೂವತ್ತೆಂಟು ಗಜದಿಂದ ಒದ್ದ.
ಕಂಬಕ್ಕೆ ಬಡಿದು, ಒಂದು ಗಳಿಗೆ ಯೋಚಿಸಿ, ಒಳಗೆ ಬಿತ್ತು.
ಹೊರಗೆ ರಸ್ತೆಯಲ್ಲಿ ಒಂದು ಲಾರಿಯ ಹಾರ್ನು ನಿಲ್ಲಲೇ ಇಲ್ಲ.

ಆರನೆಯದು ಸೋತರು. ಆಮೇಲೆ ಮೂರು ಗೆದ್ದರು, ಹೇಗೋ.

ಕೊನೆಯ ಆಟದ ಬೆಳಗ್ಗೆ ಹಿಮ, ಪಾದ ಮುಳುಗುವಷ್ಟು.
ಐದು ಗಂಟೆಗೆ ಸಲಿಕೆ ಹಿಡಿದು ಹೋದರೆ
ಅವನಾಗಲೇ ಅಲ್ಲಿ, ಲೋಹದ ಮಂಡಿ ಊರಿಕೊಂಡು.
ಮಾತಿಲ್ಲದೆ ಅರ್ಧ ಮೈದಾನ ಗೋರಿದೆವು.
"ಡೆರಿಲ್?"
"ವಿಲ್ಲಿಸ್ಟನ್. ಎಣ್ಣೆ ಬಾವಿ."
"ನಂಬರು ಕೊಡ್ತೀಯಾ?"
ಬಾಯಿಂದ ಹಬೆ ಬಂತು, ಮಾತು ಬರಲು ಹೊತ್ತು ಹಿಡಿಯಿತು.
"ಅವನ್ನ ಕೇಳಿ ಹೇಳ್ತೀನಿ."
ಸರಿ, ಅಂದ. ಉಳಿದರ್ಧ ಗೋರಿದೆವು.
ಆಮೇಲೆ ಹಸಿ ಹುಲ್ಲಿನ ಮೇಲೆ, ಬಣ್ಣಕ್ಕೆ ಬಿಸಿನೀರು ಬೆರೆಸಿ,
ಗೋಲಿನ ಗೆರೆ ಎಳೆದೆ.

ಆ ಗೆರೆಗೇ ಬಂದು ನಿಂತಿತು ಎಲ್ಲ.
ನಾಲ್ಕು ಅಂಕ ಹಿಂದೆ, ಕೊನೆಯ ಪ್ರಯತ್ನ, ಅರ್ಧ ಗಜ,
ಟೋಬಿನ್ ತಲೆಕೊಟ್ಟು ನುಗ್ಗಿದ.
ಮೈಗಳನ್ನು ಒಂದೊಂದಾಗಿ ಎತ್ತಿ ತೆಗೆದರು.
ಚೆಂಡಿನ ಮೂತಿಗೂ ಬಿಳಿಗೂ ನಡುವೆ
ಮೂರು ಬೆರಳಿನಷ್ಟು ಹುಲ್ಲು.
ಗೆರೆ ಸೊಟ್ಟ, ಗೆರೆ ಸೊಟ್ಟ ಅಂತ ಊರೆಲ್ಲ ಕೂಗಿತು.
ಅವನು ಅಂಪೈರನ್ನು ನೋಡಲಿಲ್ಲ, ಗೆರೆಯನ್ನು ನೋಡಿದ,
ಟೋಬಿನ್ನನ್ನು ಕೈಹಿಡಿದು ಎಬ್ಬಿಸಿದ.
ನನ್ನ ಪಕ್ಕ ಹಾಯುವಾಗ: "ನೇರವಾಗೇ ಇತ್ತು."

ನಾಲ್ಕು ಗೆಲುವು, ಆರು ಸೋಲು.
ರಾತ್ರಿ ಫೋನು ಮಾಡಿದೆ. ಹಿಂದೆ ಬಾವಿಯ ಯಂತ್ರದ ಗುಂಯ್.
ಗೆದ್ರಾ? ಇಲ್ಲ.
ನಿನ್ನ ನಂಬರು ಕೇಳಿದ, ಅಂದೆ.
ಯಂತ್ರವೇ ತುಂಬ ಹೊತ್ತು ಮಾತಾಡಿತು.
"ಅಮ್ಮ, ಆ ಹೆಲ್ಮೆಟ್ಟು ಇದೆಯಾ?"
"ಈರುಳ್ಳಿ ಇದೆ ಅದರಲ್ಲಿ."
ನಕ್ಕನೋ ಕೆಮ್ಮಿದನೋ, ಗೊತ್ತಾಗಲಿಲ್ಲ.
ಕೊಡು ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಗಾಡಿಯ ಮೂತಿಯನ್ನು ಬಿಸಿನೀರಲ್ಲಿ ನೆನೆಹಾಕಿ ಮಲಗಿದೆ.