ಹೆಪ್ಪು

ಮೊದಲ ಸಲ ಬಂದಾಗ ಹಳಿಯಾಳ ಕಡೆಯ ಸಿದ್ದಿ ಹುಡುಗ ಅಂತ ತಿಳಕೊಂಡೆ.
ಕನ್ನಡದಾಗ ಕೇಳಿದೆ, ನಕ್ಕ.
ಹಿಂದಿಯೊಳಗ ಕೇಳಿದೆ, ಮತ್ತೂ ನಕ್ಕ.
ಕೃಷಿ ಯುನಿವರ್ಸಿಟಿ ಗುರುತಿನ ಚೀಟಿ ತೋರಿಸಿದ:
ಹಫ್ತೋಮ್. ಇಥಿಯೋಪಿಯಾ.
ಜೋಳದ ಕಾಡಿಗೆ ರೋಗದ ಮ್ಯಾಲೆ ಓದಾಕ ಬಂದವ.

ಜೋಡಿಗೆ ಇನ್ನೊಬ್ಬ, ಅಯಲೇವ್, ತುಸು ಕುಳ್ಳ.
ಇಬ್ಬರದೂ ಒಂದ ಡಬ್ಬಿ, ಒಂದ ಸೈಕಲ್ಲು,
ಸಪ್ತಾಪುರದಾಗ ಒಂದ ಬಾಡಿಗಿ ಖೋಲಿ.
ರಾಗಿ ಎರಡು ಪಾಲು, ಬಿಳಿಜೋಳ ಒಂದು,
ಸಣ್ಣಗ ಬೀಸ್ರಿ ಅಕ್ಕಾ, ಹುಳಿ ಏಳಬೇಕು.
ಮೂರು ದಿನ ಇಟ್ಟು ದ್ವಾಸಿಯಂಗ ಹೊಯ್ಯತಾರ,
ಮೈತುಂಬ ಕಣ್ಣು ಬೀಳತಾವ ಅದಕ್ಕ.
ಒಂದಿನ ತಂದು ಕೊಟ್ಟಿದ್ರು. ನಮ್ಮ ಮನಿಯವರು
ಪುಂಡಿಪಲ್ಯಾ ಹಚ್ಚಿಕೊಂಡು ತಿಂದು ಏನೂ ಅನಲಿಲ್ಲ,
ಇನ್ನೊಂದು ಕೇಳಿದ್ರು.

ಒಂದು ದೀಪಾವಳಿ ಮುಂದ
ಹಫ್ತೋಮನ ಊರಿನ ಫೋನು ಸತ್ತವು.
ಒಂದಲ್ಲ ಎರಡಲ್ಲ, ಸೀಮಿಗೆ ಸೀಮಿ.
ಹಿಟ್ಟು ಬೀಳೋತನಕ ಹಚ್ಚತಿದ್ದ, ಕಿವಿಗೆ ಹಿಡೀತಿದ್ದ.
ಒಬ್ಬಾಕಿ ಹೆಣ್ಣುಮಗಳು ಅದ ಮಾತು ಅಂದದ್ದ ಅಂತಿದ್ಲು.
ಏನಂತಾಳೋ ಆಕಿ?
"ಸಿಗೋದಿಲ್ಲ ಅಂತಾಳ.
ಅಯಲೇವನ ಭಾಷಾದಾಗ ಅಂತಾಳ."

ಅವತ್ತಿನಿಂದ ಡಬ್ಬಿ ಎರಡಾದವು.
ಒಬ್ಬ ಮಂಗಳವಾರ, ಒಬ್ಬ ಶನಿವಾರ.
ಸೈಕಲ್ಲು ಯಾರ ಪಾಲಿಗೆ ಹೋತೋ,
ಇಬ್ಬರೂ ನಡಕೊಂಡ ಬರತಿದ್ರು.

ಅವ ಹೇಳಿದ್ದು ಪಟ್ಟಾದ ಸಪ್ಪಳದಾಗ ಅರ್ಧ ಕೇಳಿತು:
ಸಿಟ್ಟು ಹಳೇದು, ಮನಿಯೊಳಗಿಂದು,
ಯಾರು ಆಳಿದ್ರು, ಯಾರ ಹೊಲ ಯಾರಿಗೆ ಹೋತು.
ಕಡ್ಡಿಪೆಟ್ಟಿಗಿ ಬಂದದ್ದು ಹೊರಗಿಂದ.
ಪಕ್ಕದ ದೇಶದ ಸಿಪಾಯರು ಗಡಿ ದಾಟಿ ಬಂದ್ರಂತ,
ಸುಡಾನಿಗೆ ಓಡಿಹೋದ ಕಾಕಾ ಹೇಳಿದ್ದು.
"ಅವರದೂ ನಮ್ಮದ ಭಾಷಾ, ಅಕ್ಕಾ.
ಬೈದದ್ದೆಲ್ಲಾ ನಮ್ಮವ್ವಗ ತಿಳೀತಿರಬೇಕು."
ಮದುವಿಯೊಳಗ ಮ್ಯಾಲೆ ಹಾರಿ ಫೋಟೋ ತಗೀತಾವಲ್ಲ,
ಅದರ ಅಣ್ಣಂದಿರು ಬಂದಾವಂತ ಸಂತಿ ಮ್ಯಾಲೆ.
ಯಾರೋ ಮಾಡಿದ್ದು, ಯಾರೋ ಮಾರಿದ್ದು.
ಕಾಳಿನ ಲಾರಿ ರಸ್ತಾದಾಗ ನಿಂತಾವ,
ಚೀಲದ ಮ್ಯಾಲೆ ಕೈ ಕುಲುಕೋ ಚಿತ್ರ.

ಆ ಚೀಲ ನನಗ ಗೊತ್ತು.
ಅಣ್ಣಿಗೇರಿ ಸಾಲಿಯೊಳಗ ಹಳದಿ ಉಪ್ಪಿಟ್ಟು ಮಾಡತಿದ್ರಲ್ಲ,
ಪರದೇಶದ ರವಾ, ಅಂಥದ್ದ ಚಿತ್ರ.
ಖಾಲಿ ಚೀಲದಾಗ ನಮ್ಮವ್ವ ನನಗ ಪಾಟಿಚೀಲ ಹೊಲಿದಿದ್ಲು.
ಎರಡು ಕೈ ಇದ್ದವು,
ಮಾರಿ ಇದ್ದಿಲ್ಲ.

ಖರೇ ಹೇಳತೀನಿ, ಇಷ್ಟಕ್ಕೆಲ್ಲಾ ನಾ ಹೂಂ ಅಂದೆ ಅಷ್ಟ.
ಒಂದು ಶನಿವಾರ ಮಾತ್ರ, ಡಬ್ಬಿ ಇಟ್ಟವನ,
"ನಮ್ಮೂರ ಗಿರಣಿ ಮೋಟಾರ್ ಬಿಚ್ಚಿಕೊಂಡು ಹೋಗ್ಯಾರ,
ಕಲ್ಲು ಒಡದಾರ," ಅಂದ.
ಕೈ ತಾನ ಹೋಗಿ ಸ್ವಿಚ್ ಬಂದ್ ಮಾಡಿತು.
ಸರತಿಯಾಗ ನಿಂತ ಬೀಬಿಜಾನಕ್ಕ ಬೈದ್ಲು,
ಕರೆಂಟ್ ಐತಿ, ನಿನಗೇನಾತು?

ಅಯಲೇವ ಊರಿನ ಸುದ್ದಿ ತಗದಾಂವಲ್ಲ.
ಒಮ್ಮೆ ಕೇಳಿದ: "ಅವಗ ಉದ್ರಿ ಕೊಡತೀರೇನು?"
ಕೊಡತೀನಿ ಅಂದೆ.
ತಕ್ಕಡಿ ಪರಡಿಯಾಗ ಐನೂರರ ನೋಟು ಇಟ್ಟು
ಹೇಳಬ್ಯಾಡ್ರಿ ಅಂದು ಹೋದ.
ಹೇಳಲಿಲ್ಲ.

ಎರಡನೇ ಮಳಿಗಾಲ. ಎರಡು ಮಂಗಳವಾರ ಖಾಲಿ.
ಮೂರನೇದಕ್ಕ ಬಂದವ ಹಫ್ತೋಮ್,
ಕೈಯಾಗ ಎರಡು ಡಬ್ಬಿ.
"ಅವನ ತಮ್ಮ ಸತ್ತ."
ಎಲ್ಲಿ?
"ನಮ್ಮ ಕಡೆ."
ಸಿಪಾಯಿ ಅನಲಿಲ್ಲ, ವೈರಿ ಅನಲಿಲ್ಲ.
"ಇಪ್ಪತ್ತು ವರ್ಷ," ಅಂದ.
ಆಮ್ಯಾಲೆ, ಹಿಟ್ಟು ಬೀಳೋದು ನೋಡಕೋತ:
"ಅವನ ಗಡಿಗ್ಯಾಗಿನ ಹೆಪ್ಪು ಕೆಟ್ಟೈತಿ.
ನಂದರಾಗಿಂದ ಒಂದು ವಾಟಗ ಕೊಡತೀನಿ.
ನಂದೇನು, ಜಗಳಾದಾಗ ಅವನದರಾಗಿಂದ ಕಡಕೊಂಡದ್ದು."

ಒಬ್ಬರದು ಬೀಸಿದ ಮ್ಯಾಲೆ
ಕಲ್ಲಿಗೆ ಒಂದು ಹಿಡಿ ಹೊಟ್ಟು ಹಾಕಿ ತಿರುವತೀನಿ ನಾನು,
ಇಲ್ಲಾಂದ್ರ ಮಂದಿ ಜಗಳಾ ತಗೀತಾರ.
ಅವತ್ತು ಹಾಕಲಿಲ್ಲ. ಅವನೂ ಹಾಕ್ರಿ ಅನಲಿಲ್ಲ.

ಮೂರು ಕಿಲೋ ಏಳುನೂರು.
ಒಂದ ಹೆಸರಿಗೆ ಬರೀರಿ ಅಂದ.
ಯಾರದು ಅನ್ನೋದರಾಗ ಮಳಿ ಜೋರಾತು,
ಡಬ್ಬಿ ಎರಡೂ ಅಂಗಿಯೊಳಗ ಅವಚಿಕೊಂಡು
ಕೆಲಗೇರಿ ರಸ್ತಾ ಹಿಡದು ಓಡಿದ,
ಬಗಲಾಗ ಫೋನು ಹಿಡಕೊಂಡ,
ಹಚ್ಚಿಕೋತ.