ಸೊನ್ನೆಯ ಖಾತೆ

ಸವಳಂಗ ರಸ್ತೆಯ ಎರಡನೇ ಮಹಡಿಯಲ್ಲಿ
ಫ್ಯಾನು ನಿಲ್ಲಿಸಿ ಕೂತಿದ್ದೇನೆ, ಹಾಳೆ ಹಾರಬಾರದೆಂದು.
ರೇವಣಸಿದ್ದಪ್ಪನವರು ಬಾಗಿಲಲ್ಲೇ ನಿಂತು ಹೇಳಿ ಹೋದರು:
"ಎರಡು ಸಾವಿರದ ನಲವತ್ತಕ್ಕೆ ಸೊನ್ನೆ ಬರಬೇಕು, ನಾಗವೇಣಿ.
ಸೋಮವಾರ ಬ್ಯಾಂಕಿನವರಿಗೆ ತೋರಿಸಬೇಕು."
ಇಪ್ಪತ್ತೆರಡು ವರ್ಷ ಈ ಕಂಪನಿಯ ಲೆಕ್ಕ ಬರೆದವಳು,
ಸೊನ್ನೆ ಬಂದಾಗಲೆಲ್ಲ ಬೈಸಿಕೊಂಡವಳು.
ಬಂದರೆ ಬೋನಸ್ಸು ಎಂದದ್ದು ಇದೇ ಮೊದಲು.

ಸಿಮೆಂಟಿನಿಂದ ಶುರುಮಾಡಿದೆ.
ಮೂಟೆಗೆ ಐವತ್ತು ಕೇಜಿ; ಅದರ ಹೊಗೆ
ಹೆಚ್ಚುಕಡಿಮೆ ಮೂವತ್ತೈದು.
ಹೊಗೆಗೂ ತೂಕವಿದೆಯೆಂದು
ಬಿ.ಕಾಂ.ನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.
ಆಮೇಲೆ ಕಬ್ಬಿಣ, ಟೈಲ್ಸು, ಲಿಫ್ಟು,
ಕರೆಂಟು ಹೋದಾಗ ಕೆಮ್ಮುವ ಜನರೇಟರು,
ಗೋಪಾಳದ ಸೈಟಿಗೆ ದಿನಕ್ಕೆರಡು ಸಲ ಸಾಹುಕಾರರ ಕಾರು.
ಅದನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದೆ.

ಮಂಗಳೂರಿನಿಂದ ಬಂದ ಸಲಹೆಗಾರ ಹುಡುಗ
ಬನ್ಸ್ ಮುರಿಯುತ್ತ ಹೇಳಿದ:
"ಉಳಿದದ್ದಕ್ಕೆ ಗಿಡ ನೆಡಿ ಮೇಡಂ,
ಅಕೇಶಿಯಾ ಆದರೆ ಬೇಗ ಏಳುತ್ತೆ."
ಗುಡ್ಡಗುಡ್ಡವೇ ಎದ್ದು, ಲಾರಿ ಹತ್ತಿ,
ಕಾಗದವಾಗಿ ಹೋದದ್ದನ್ನು ಕಂಡ ಊರು ಇದು.
ಆ ಕಾಗದದ ಮೇಲೇ ಇರಬೇಕು ನಾನು ಬರೆಯುತ್ತಿರುವುದು.

ಕರೆಂಟಿನ ಕಾಲಮ್ಮಿಗೆ ಬಂದಾಗ ಅವನ ಮುಖ ಅರಳಿತು.
"ಶರಾವತಿ ನೀರಿನ ಕರೆಂಟನ್ನೇ ಕೊಂಡರೆ
ಇಲ್ಲಿ ಕಣ್ಣುಮುಚ್ಚಿ ಸೊನ್ನೆ ಸುತ್ತಬಹುದು!"
ಚಹಾ ತಂದ ವಾಚ್‌ಮನ್ ಹೊಳಿಯಪ್ಪ
ಲೋಟ ಇಡದೆ ನಿಂತ. ಮುಳುಗಡೆಯವರ ಮೊಮ್ಮಗ.
"ನಮ್ಮಜ್ಜನ ಮನೆ ಹೊಸಿಲು ಅಲ್ಲೇ ಅದೆ ಸ್ವಾಮಿ,
ಬ್ಯಾಸಿಗೆ ಬಿರುಸಾದರೆ ಕಾಣ್ತದೆ.
ಅದು ಯಾವ ಕಾಲಮ್ಮು?"
ಹುಡುಗ ನಗಲು ಹೋದವನು
ಬನ್ಸಿನ ಚೂರು ಆರಿಸತೊಡಗಿದ.

ಸಂಜೆ ಹಳೇ ಅಕ್ಕಿ ಗಿರಣಿಗೆ ಹೋದೆ,
ಬರುವ ತಿಂಗಳು ಕೆಡವಿ ಏಳು ಮಹಡಿ ಏರಿಸುವ ಜಾಗ.
ಗೋಡೆಗೆ ಕೈಯಿಟ್ಟೆ. ಬಿಸಿಲು ಹೋಗಿತ್ತು,
ಬಿಸಿ ಹೋಗಿರಲಿಲ್ಲ.
ಒಮ್ಮೆ ಸುಟ್ಟ ಇಟ್ಟಿಗೆ.
ಇದರ ಹೊಗೆ ನಾನು ಹುಟ್ಟುವ ಮೊದಲೇ ಮೇಲೆ ಹೋಗಿದೆ,
ಮತ್ತೆ ಯಾಕೆ ಸುಡಬೇಕು?
ಮೇಸ್ತ್ರಿ ರವೂಫ್ ಸಾಬರು ಸುತ್ತಿಗೆಯಿಂದ ಬಡಿದು, ಕಿವಿಯಿಟ್ಟು,
"ಮೂರು ಮಹಡಿ ತಡೀತದೆ ಅಕ್ಕಾ," ಅಂದರು,
"ಏಳು ಆಗಲ್ಲ."

ನಾಲ್ಕು ಮಹಡಿ ಖೋತಾ. ಹದಿನಾರು ಫ್ಲ್ಯಾಟು.
ಸಾಹುಕಾರರು ಕನ್ನಡಕ ತೆಗೆದು ಒರೆಸುವುದು
ಈಗಲೇ ಕಾಣುತ್ತಿದೆ.

ಆದರೂ ಬರೆದೆ: ಗಿರಣಿ ಕೆಡವತಕ್ಕದ್ದಲ್ಲ.
ಅಂಚಿನಲ್ಲಿ, ಗೆರೆ ಎಳೆಯದ ಕಡೆ,
ಹೊಸಿಲು, ಒಂದು.
ಯಾವ ಮೊತ್ತಕ್ಕೂ ಸೇರಿಸಲು ತಿಳಿಯಲಿಲ್ಲ.
ಫ್ಯಾನು ಹಾಕಿದೆ.
ಹಾಳೆ ಹಾರಿತು, ಹಿಡಿದುಕೊಂಡೆ,
ಕಾರಿನ ಸಾಲಿನ ಮೇಲೆ ನಿಧಾನ
ಪೆನ್ನು ಓಡಿಸಿದೆ.